ಹೋಮ್‌ಸ್ಟೇ ವರ್ಕ್‌ಶಾಪ್, ಊರಿನ ಸ್ಟುಡಿಯೊ, ಆನ್‌ಲೈನ್ ಕೋರ್ಸ್: ಯೋಗ ಕಲಿಸೋದನ್ನ ನಾನು ಕಲಿತದ್ದು ಎಲ್ಲಿ?

ಜೂನ್ 21 ಹತ್ತಿರ ಬಂತೆಂದರೆ ನಮ್ಮ ಹೆಡ್‌ಮಾಸ್ಟರ್ ಕಣ್ಣು ನನ್ನ ಮೇಲೆ ಬೀಳುತ್ತದೆ. 2015ರಲ್ಲಿ ಮೊದಲ ಯೋಗ ದಿನ ಬಂದಾಗ "ನೀವು ಸಣ್ಣಗಿದ್ದೀರಿ ಮೇಡಂ, ನೀವೇ ಮಾಡಿಸಿ" ಅಂದರು. ಅಷ್ಟೇ ನನ್ನ ಅರ್ಹತೆ. ಯೋಗ ದಿನಕ್ಕೆ ಏನೇನು ಮಾಡಿಸಬೇಕು ಅಂತ ಆಯುಷ್ ಸಚಿವಾಲಯದವರು ಕೊಡೋ ಪ್ರೋಟೋಕಾಲ್ ಪುಸ್ತಕ ಮುಂದಿಟ್ಟುಕೊಂಡು ವರ್ಷಾ ವರ್ಷಾ ಮಾಡಿಸುತ್ತಾ ಬಂದೆ. ಒಂದು ಸಲ ಎಂಟನೇ ಕ್ಲಾಸಿನ ಹುಡುಗ ಹಿಂದಕ್ಕೆ ಬಾಗೋ ಅರ್ಧ ಚಕ್ರಾಸನ ಮಾಡಿ "ಮಿಸ್, ಸೊಂಟ ಹಿಡ್ಕೊಂಡ್ತು" ಅಂತ ಅಲ್ಲೇ ನಿಂತುಬಿಟ್ಟ. ನನಗೆ ಕೈಕಾಲು ಆಡಲಿಲ್ಲ. ಹುಡುಗ ಸಂಜೆಗೆ ಫುಟ್ಬಾಲ್ ಆಡುತ್ತಿದ್ದ, ಅದು ಬೇರೆ ಮಾತು. ಆದರೆ ಕಲಿಯದೆ ಕಲಿಸೋದು ಸಾಕು ಅಂತ ಅವತ್ತೇ ಅನ್ನಿಸಿತು.

ನಾನಿರೋದು ಕೊಡಗಿನ ಗೋಣಿಕೊಪ್ಪದಲ್ಲಿ. ಎರಡು ವರ್ಷದಲ್ಲಿ ಮೂರು ಕಡೆ ದುಡ್ಡು ಕಟ್ಟಿದೆ. ಮಡಿಕೇರಿ ಹತ್ತಿರದ ಹೋಮ್‌ಸ್ಟೇ ಒಂದರಲ್ಲಿ ಮೂರು ದಿನದ ವರ್ಕ್‌ಶಾಪ್, ವಿರಾಜಪೇಟೆಯ ಸ್ಟುಡಿಯೊದಲ್ಲಿ 200 ಗಂಟೆಯ ಟೀಚರ್ ಟ್ರೈನಿಂಗ್, ಆಮೇಲೆ ಮೂರು ತಿಂಗಳ ಆನ್‌ಲೈನ್ ಕೋರ್ಸ್. ಯಾರ ಹೆಸರನ್ನೂ ಹೇಳಲ್ಲ. ಮೂರರಲ್ಲೂ ಹೊಗಳೋದೂ ಇದೆ, ಬೈಯೋದೂ ಇದೆ.

ಮೊದಲು ದುಡ್ಡಿನ ಲೆಕ್ಕ ಮುಗಿಸಿಬಿಡೋಣ. ವರ್ಕ್‌ಶಾಪ್‌ಗೆ ಊಟ, ವಸತಿ ಸೇರಿ 9,000 ರೂಪಾಯಿ. ದಿನಕ್ಕೆ ಐದು ಗಂಟೆ, ಒಟ್ಟು 15. ಗಂಟೆಗೆ 600 ಆಯಿತು. ಸ್ಟುಡಿಯೊಗೆ 42,000. ಹೇಳಿದಂತೆ 200 ಗಂಟೆ ನಡೆದಿದ್ದರೆ ಗಂಟೆಗೆ 210 ಬೀಳಬೇಕಿತ್ತು, ನಿಜವಾಗಿ ಬಿದ್ದದ್ದು 260. ಯಾಕೆ ಅಂತ ಮುಂದೆ ಹೇಳುತ್ತೇನೆ. ಆನ್‌ಲೈನ್‌ಗೆ 16,000. ವಾರಕ್ಕೆ ಐದು ದಿನ, ಸಂಜೆ ಒಂದೂವರೆ ಗಂಟೆ, ಹನ್ನೆರಡು ವಾರ. ಗಂಟೆಗೆ 180 ಒಳಗೇ ಬಂತು. ಲೆಕ್ಕದಲ್ಲಿ ಆನ್‌ಲೈನೇ ಅಗ್ಗ. ಕರೆಂಟ್ ಹೋದ ಸಂಜೆಗಳನ್ನ ಕಳೆದಿಲ್ಲ, ಅಷ್ಟೇ.

ವರ್ಕ್‌ಶಾಪ್ ನಡೆದದ್ದು ಜುಲೈನಲ್ಲಿ. ಹದಿನಾಲ್ಕು ಜನ, ಒಂಬತ್ತು ಮಂದಿ ಬೆಂಗಳೂರಿನವರು. ಮರದ ಹಲಗೆಯ ಜಗಲಿ, ಎದುರಿಗೆ ಮಂಜು, ಕೆಳಗೆ ಏಲಕ್ಕಿ ತೋಟ. ಫೋಟೋಗೆ ಬಹಳ ಚೆನ್ನಾಗಿತ್ತು. ಸೂರ್ಯ ನಮಸ್ಕಾರವನ್ನ ಸೂರ್ಯನಿಲ್ಲದೆ ಮೂರೂ ದಿನ ಮಾಡಿದೆವು. ಹಲಗೆ ಒದ್ದೆಯಾಗಿ ಒಬ್ಬರು ಜಾರಿದ ಮೇಲೆ ಒಳಗೆ ಕರೆದರು. ಎರಡನೇ ದಿನ ಬೆಳಿಗ್ಗೆ ಆರೂವರೆಗೆ, ಎಲ್ಲರೂ ಸ್ವೆಟರ್ ಹಾಕಿ ಕೂತಿರುವಾಗ, ಶೀತಲಿ ಪ್ರಾಣಾಯಾಮ ಮಾಡಿಸಿದರು. ನಾಲಿಗೆ ಮಡಚಿ ತಣ್ಣನೆ ಗಾಳಿ ಎಳೆದುಕೊಂಡು ಮೈ ತಂಪು ಮಾಡೋ ಪ್ರಾಣಾಯಾಮ ಅದು. ನೆಗಡಿ, ಕೆಮ್ಮು ಇದ್ದವರಿಗೆ ಬೇಡ ಅಂತ ಪುಸ್ತಕದಲ್ಲೇ ಇದೆ. ಅರ್ಧ ಕ್ಲಾಸು ಮೂಗು ಒರೆಸಿಕೊಳ್ಳುತ್ತಿತ್ತು. ಊಟ ಸಾತ್ವಿಕ. ಇರಲಿ, ಆದರೆ ಮಧ್ಯಾಹ್ನ ಪಕ್ಕದ ಮನೆಯಿಂದ ಪಂದಿ ಕರಿ (ಹಂದಿ ಮಾಂಸದ ಸಾರು) ವಾಸನೆ ಬರುವಾಗ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂರೋದು ಕಷ್ಟ.

ಆದರೂ ಆ 9,000 ದಂಡ ಅಂತ ಹೇಳಲಾರೆ. ಕಲಿಸಲು ಬಂದಿದ್ದ ಮೇಡಂ ಬಿ.ಕೆ.ಎಸ್. ಅಯ್ಯಂಗಾರ್ ಅವರ ಯೋಗ ಪದ್ಧತಿಯವರು. ಇಟ್ಟಿಗೆ, ಬೆಲ್ಟು, ಕುರ್ಚಿ ಎಲ್ಲ ಬಳಸುತ್ತಿದ್ದರು. ತ್ರಿಕೋನಾಸನದಲ್ಲಿ ನನ್ನ ಕೈ ನೆಲ ಮುಟ್ಟಬೇಕು ಅಂತ ನಾನು ವರ್ಷಗಟ್ಟಲೆ ಒದ್ದಾಡಿದ್ದೆ. ಅವರು ಸುಮ್ನೆ ಬಂದು ಅಂಗೈ ಕೆಳಗೆ ಮರದ ಇಟ್ಟಿಗೆ ಇಟ್ಟರು, ಮುಂದಿನ ಮಂಡಿಯನ್ನ ಕೂದಲೆಳೆಯಷ್ಟು ಮಡಚಿಸಿದರು. "ಇಷ್ಟು ದಿನ ಮಂಡಿಯನ್ನ ಹಿಂದಕ್ಕೆ ದೂಡಿ ಕೀಲಿನ ಮೇಲೆ ಭಾರ ಹಾಕ್ತಿದ್ರಿ" ಅಂದರು. ಎರಡು ನಿಮಿಷದ ಕೆಲಸ. ಮೆಟ್ಟಿಲು ಇಳಿಯುವಾಗಿನ ನೋವು ತಿಂಗಳಲ್ಲಿ ಕಡಿಮೆಯಾಯಿತು. ನಿಮ್ಮ ಆಸನ ಸರಿ ಮಾಡಿಕೊಳ್ಳೋಕೆ ವರ್ಕ್‌ಶಾಪ್ ಒಳ್ಳೇದು. ಬೇರೆಯವರಿಗೆ ಕಲಿಸೋಕೆ ಏನೂ ಸಿಗಲ್ಲ. ನಾನು ಅಲ್ಲಿ ಒಂದು ಸಲವೂ ಎದ್ದು ನಿಂತು ಮಾಡಿಸಲಿಲ್ಲ.

ಇನ್ನು ಸ್ಟುಡಿಯೊ. ಫೆಬ್ರವರಿಯಲ್ಲಿ ಸೇರಿದೆ. ಶನಿವಾರ ಎರಡರಿಂದ ಆರು, ಭಾನುವಾರ ಏಳರಿಂದ ಹನ್ನೆರಡು. ವಾರಕ್ಕೆ ಒಂಬತ್ತು ಗಂಟೆಯಂತೆ ಜುಲೈಗೆ 200 ತುಂಬಬೇಕು. ಸೇರಿದ್ದು ಹನ್ನೊಂದು ಜನ. ಕಾಫಿ ಕುಯ್ಲಿನ ಸಮಯ, ಮೊದಲ ತಿಂಗಳು ಬಂದದ್ದು ಆರೇ. ಕಲಿಸೋ ಸರ್‌ಗೂ ಸ್ವಂತ ತೋಟ ಇದೆ. ರೊಬಸ್ಟಾ ಕಾಫಿ ಹೂ ಬಿಡಲಿ ಅಂತ ಸ್ಪ್ರಿಂಕ್ಲರ್ ಇಡೋ ವಾರ ಕ್ಲಾಸ್ ಇಲ್ಲ. ಹೂ ಅರಳಿಸೋ ಹೂಮಳೆ ತಾನಾಗೇ ಸರಿಯಾಗಿ ಬಿದ್ದರೆ ಕ್ಲಾಸ್ ಇದೆ! ನಾವು ಯೋಗ ಕಲಿಯೋರೆಲ್ಲ ಮಾರ್ಚ್‌ನಲ್ಲಿ ಆಕಾಶ ನೋಡುತ್ತಿದ್ದೆವು. ಇದು ಅರ್ಥವಾಗುತ್ತದೆ, ನಮ್ಮೂರಲ್ಲಿ ತೋಟ ಬಿಟ್ಟು ಯಾರೂ ಇಲ್ಲ. ಅರ್ಥವಾಗದ್ದು ಮುಂದಿನದು. ತಪ್ಪಿದ ಕ್ಲಾಸುಗಳನ್ನ ರಿಜಿಸ್ಟರಿನಲ್ಲಿ "ಮನೆಯಲ್ಲಿ ಅಭ್ಯಾಸ" ಅಂತ ತುಂಬಿಸಿದರು. ನಾನು ಡೈರಿಯಲ್ಲಿ ಬರೆದಿಟ್ಟಿದ್ದೆ: ಸ್ಟುಡಿಯೊದಲ್ಲಿ ಕಳೆದದ್ದು 162 ಗಂಟೆ. ಕೇಳಿದ್ದಕ್ಕೆ "ಎಲ್ಲಾ ಕಡೆ ಹೀಗೇ ಮೇಡಂ" ಅಂದರು. ಆ ಮಾತಿಗೆ ಈಗಲೂ ಸಿಟ್ಟಿದೆ.

ಜೂನ್ ಬಂದ ಮೇಲೆ ಇನ್ನೊಂದು ಕಥೆ. ಸ್ಟುಡಿಯೊ ಅಂದರೆ ಮಹಡಿ ಮೇಲಿನ ಶೀಟಿನ ಹಾಲ್. ಮಳೆ ಜೋರಾದರೆ ಸರ್ ಬಾಯಿ ಆಡೋದು ಕಾಣುತ್ತದೆ, ಮಾತು ಕೇಳಲ್ಲ. ಅಲ್ಲಿ ಇಟ್ಟು ಬಂದ ಮ್ಯಾಟಿಗೆ ವಾರದಲ್ಲಿ ಬೂಷ್ಟು. ನಾನು ಮನೆಗೆ ತಂದು ಬಚ್ಚಲ ಒಲೆ ಹತ್ತಿರ ಹಗ್ಗ ಕಟ್ಟಿ ಒಣಗಿಸುತ್ತಿದ್ದೆ. ಶವಾಸನದಲ್ಲಿ ಮಲಗಿದರೆ ಹೊಗೆ ವಾಸನೆ.

ಇಷ್ಟೆಲ್ಲ ಹೇಳಿದ ಮೇಲೂ, ಮೂರರಲ್ಲಿ ಯಾವುದು ಅಂತ ಕೇಳಿದರೆ ನಾನು ಸ್ಟುಡಿಯೊನೇ ಅನ್ನೋದು. ಕಾರಣ ಏಪ್ರಿಲ್‌ನ ಒಂದು ಭಾನುವಾರ. ಕಲಿಸುವ ಅಭ್ಯಾಸಕ್ಕೆ ಅಂತ ಸರ್ ಊರಿನ ಕೆಲವರನ್ನ ಫ್ರೀಯಾಗಿ ಕರೆಸುತ್ತಿದ್ದರು. ಅವರಲ್ಲಿ ಅರವತ್ತು ದಾಟಿದ ರಿಟೈರ್ಡ್ ಸುಬೇದಾರ್ ಅಂಕಲ್ ಒಬ್ಬರು. ನಾನು ಮುಂದೆ ನಿಂತು, ಒಂದು ಪಾದವನ್ನ ಇನ್ನೊಂದು ಕಾಲಿಗೆ ಒತ್ತಿ ಒಂಟಿಕಾಲಲ್ಲಿ ನಿಲ್ಲೋ ವೃಕ್ಷಾಸನ ಮಾಡಿ ತೋರಿಸಿದೆ. ಚೆನ್ನಾಗೇ ಮಾಡಿದೆ, ಕೈ ಮೇಲೆ, ದೃಷ್ಟಿ ನೇರ, ಉಸಿರು ಸಮ. ಐದು ಉಸಿರು ಮುಗಿಸಿ ನೋಡಿದರೆ ಅಂಕಲ್ ಪಾದವನ್ನ ಸರಿಯಾಗಿ ಮಂಡಿಯ ಪಕ್ಕಕ್ಕೇ ಒತ್ತಿ, ಹಲ್ಲು ಕಚ್ಚಿ ನಿಂತಿದ್ದಾರೆ. ಪಾದ ಮಂಡಿಗಿಂತ ಮೇಲಿರಬೇಕು, ಇಲ್ಲವೇ ಕೆಳಗಿರಬೇಕು, ಮಂಡಿ ಮೇಲೆ ಮಾತ್ರ ಒತ್ತಬಾರದು. ನನಗೆ ಗೊತ್ತಿತ್ತು. ಹೇಳಿರಲಿಲ್ಲ, ನೋಡಿಯೂ ಇರಲಿಲ್ಲ.

ಸರ್ ಕೇಳಿದರು, "ಶಾಲೆಯಲ್ಲೂ ಹೀಗೇ ಬೋರ್ಡ್ ನೋಡ್ಕೊಂಡೇ ಪಾಠ ಮಾಡ್ತೀರಾ ಮೇಡಂ?" ಆಮೇಲೆ ನನ್ನ ಮ್ಯಾಟ್ ಮಡಚಿ ಮೂಲೆಗಿಟ್ಟರು. ಅವತ್ತಿಂದ ಮ್ಯಾಟ್ ಇಲ್ಲದೆ, ಆಸನ ಮಾಡದೆ, ಬರೀ ಮಾತಿನಲ್ಲಿ ಮಾಡಿಸಬೇಕು. ಜನರ ಮಧ್ಯೆ ಓಡಾಡಬೇಕು. ಮೊದಲ ಸಲ ನಾಲಿಗೆಯೇ ಹೊರಳಲಿಲ್ಲ. "ಈಗ ಬಲಗಾಲು... ಅಂದ್ರೆ, ಮೆಲ್ಲಗೆ ಮಡಚೋಣ್ವಾ" ಅಂತೆಲ್ಲ ರಾಗ ಎಳೆದೆ. ಸುಬೇದಾರ್ ಅಂಕಲ್ಲೇ ತಿದ್ದಿದರು: "ಮಗಾ, ಮಡಚೋಣ್ವಾ ಅಂತ ಕೇಳಬೇಡ. ಮಡಚಿ ಅನ್ನು. ಆರ್ಡರ್ ಸಣ್ಣದಿರಬೇಕು." ಅದು ನನ್ನ 42,000ದಲ್ಲಿ ಅರ್ಧ ಬೆಲೆಯ ಪಾಠ. ಕೋರ್ಸ್ ಮುಗಿಯೋದರೊಳಗೆ ಹನ್ನೊಂದು ಸಲ ಹೀಗೆ ಮಾಡಿಸಿದೆ, ಹನ್ನೊಂದು ಸಲವೂ ಬೈಸಿಕೊಂಡೆ. ಬಿ.ಪಿ. ಇದ್ದವರಿಗೆ ರಭಸದಿಂದ ಉಸಿರು ಹೊರಹಾಕೋ ಕಪಾಲಭಾತಿ ಬೇಡ ಅನ್ನೋದನ್ನ ಪುಸ್ತಕದಲ್ಲಿ ಓದೋದು ಬೇರೆ, ಹತ್ತು ಜನರಲ್ಲಿ ಯಾರಿಗೆ ಬಿ.ಪಿ. ಇದೆ ಅಂತ ಶುರು ಮಾಡೋ ಮೊದಲೇ ಕೇಳೋ ಅಭ್ಯಾಸ ಬೇರೆ. ಎರಡನೆಯದು ಇಲ್ಲೇ ಬಂದದ್ದು.

ಆನ್‌ಲೈನ್‌ಗೆ ಸೇರಿದ್ದು ಸರ್ಟಿಫಿಕೇಟಿನ ತಲೆನೋವಿನಿಂದ. ಸ್ಟುಡಿಯೊ ಕೊಟ್ಟದ್ದು ಯೋಗ ಅಲಯನ್ಸ್‌ನ 200 ಗಂಟೆಯದು. ಯೋಗ ಅಲಯನ್ಸ್ ಅಮೆರಿಕದ ಸಂಸ್ಥೆ. ಅವರೇ ಪರೀಕ್ಷೆ ಮಾಡಲ್ಲ, ಅವರಲ್ಲಿ ನೋಂದಾಯಿಸಿದ ಶಾಲೆ ಪಾಸ್ ಅಂದರೆ ಪಾಸ್. ಬೇಕಿದ್ದರೆ ದುಡ್ಡು ಕಟ್ಟಿ ಅವರ ಪಟ್ಟಿಯಲ್ಲಿ ಹೆಸರು ಹಾಕಿಸಿಕೊಳ್ಳಬಹುದು, ವರ್ಷಾ ವರ್ಷಾ ಕಟ್ಟುತ್ತಿರಬೇಕು. ನಾನು ವಿಚಾರಿಸಿದ ಎರಡು ರೆಸಾರ್ಟಿನವರಿಗೆ ಇದೇ ಬೇಕಿತ್ತು. ನಮ್ಮ ಹೆಡ್‌ಮಾಸ್ಟರ್ ಮಾತ್ರ ತಿರುಗಿಸಿ ಮುರುಗಿಸಿ ನೋಡಿ "ಇದು ಗೌರ್ಮೆಂಟಿಂದಾ?" ಅಂದರು. ಗೌರ್ಮೆಂಟಿನದು ಬೇಕಾದರೆ ಆಯುಷ್ ಸಚಿವಾಲಯದ ಯೋಗ ಸರ್ಟಿಫಿಕೇಶನ್ ಬೋರ್ಡಿನ ಪರೀಕ್ಷೆ ಕಟ್ಟಬೇಕು. ಮೊದಲ ಹಂತಕ್ಕೆ ಯೋಗ ಪ್ರೋಟೋಕಾಲ್ ಇನ್‌ಸ್ಟ್ರಕ್ಟರ್ ಅಂತ ಹೆಸರು. ಥಿಯರಿಯೂ ಉಂಟು, ಪ್ರಾಕ್ಟಿಕಲ್ಲೂ ಉಂಟು.

ಥಿಯರಿಗೆ ಆನ್‌ಲೈನ್ ಕೋರ್ಸನ್ನ ಮೀರಿಸೋದು ಕಷ್ಟ. ಸ್ಟುಡಿಯೊದಲ್ಲಿ ಪತಂಜಲಿ ಅಂದರೆ ಎಂಟು ಅಂಗಗಳ ಹೆಸರು ಬಾಯಿಪಾಠ, ಮುಗಿಯಿತು. ಇಲ್ಲಿ ಯೋಗಸೂತ್ರದ ನಾಲ್ಕು ಪಾದ, ಪಂಚಕೋಶ, ಷಟ್ಕರ್ಮ, ಬೆನ್ನುಮೂಳೆಯ ರಚನೆ ಎಲ್ಲ ಕ್ರಮವಾಗಿ, ಕನ್ನಡದಲ್ಲೇ ಹೇಳಿದರು. ನೋಟ್ಸ್ ಇವತ್ತಿಗೂ ತೆಗೆದು ಓದುತ್ತೇನೆ. ಆಸನದ ಕ್ಲಾಸಿಗೆ ಮಾತ್ರ ಕೈ ಮುಗಿದೆ. ಸ್ಕ್ರೀನಿನಲ್ಲಿ ಅರವತ್ತು ಚೌಕ, ಅದರಲ್ಲಿ ನಾನೊಂದು. ಒಂದು ಸಂಜೆ ಬೇಕಂತಲೇ ತಪ್ಪಾಗಿ, ಭುಜಂಗಾಸನದಲ್ಲಿ ಭುಜವನ್ನ ಕಿವಿವರೆಗೆ ಏರಿಸಿ ಇಟ್ಟುಕೊಂಡಿದ್ದೆ. "ಎಲ್ಲರೂ ವೆರಿ ಗುಡ್" ಅಂದರು. ನನಗೆ ಕಲಿಸೋ ಅವಕಾಶ ಸಿಕ್ಕಿದ್ದು ಒಂದೇ ಸಲ, ಹತ್ತು ನಿಮಿಷ, ಕ್ಯಾಮೆರಾ ಮುಂದೆ. ನಡುವೆ ಕರೆಂಟ್ ಹೋಯಿತು.

ಪರೀಕ್ಷೆಗೆ ಮೈಸೂರಿಗೆ ಹೋದೆ. ಥಿಯರಿ ಆನ್‌ಲೈನ್ ನೋಟ್ಸಿನ ಪುಣ್ಯ. ಪ್ರಾಕ್ಟಿಕಲ್‌ನಲ್ಲಿ ಮಾಡಿ ತೋರಿಸೋದರ ಜೊತೆ ಮಾಡಿಸಿ ತೋರಿಸಲೂ ಹೇಳಿದರು. ಮ್ಯಾಟ್ ಬಿಟ್ಟು ಕೆಳಗಿಳಿದು ನಿಂತೆ, ಸಣ್ಣ ಆರ್ಡರ್ ಕೊಟ್ಟೆ. ಪಾಸಾಯಿತು. ದುಡ್ಡು ಒಂದೇ ಕಡೆ ಹಾಕೋದಾದರೆ ಸ್ಟುಡಿಯೊಗೆ ಹಾಕಿ, ಥಿಯರಿಯನ್ನ ಪುಸ್ತಕದಿಂದ ಓದಿಕೊಳ್ಳಿ. ಸೇರುವ ದಿನವೇ, ತಪ್ಪಿದ ಕ್ಲಾಸನ್ನ ಯಾವಾಗ ತುಂಬಿಸಿಕೊಡುತ್ತೀರಿ ಅಂತ ಕೇಳಿ ಬರೆಸಿಕೊಳ್ಳಿ. ನಾನು ಕೇಳಿರಲಿಲ್ಲ.

ಹೋದ ತಿಂಗಳು ಸೋಮವಾರಪೇಟೆಯಿಂದ ಸಹೋದ್ಯೋಗಿಯ ತಂಗಿ ಫೋನ್ ಮಾಡಿದ್ದಳು. ಅವಳ ಊರಿನ ಕಡೆ ಹೊಸ ಟ್ರೈನಿಂಗ್ ಶುರುವಾಗಿದೆಯಂತೆ, "ಸೇರಬಹುದಾ ಅಕ್ಕ?" ಅಂತ. ಒಂದು ದಿನ ಹೋಗಿ ಹಿಂದೆ ಕೂತು, ಕಲಿಸುವವರು ಎಷ್ಟು ಸಲ ಮ್ಯಾಟ್ ಬಿಟ್ಟು ಏಳುತ್ತಾರೆ ಎಣಿಸು ಅಂದೆ. ಸಂಜೆ ಮೆಸೇಜ್ ಬಂತು: "ಒಂದು ಸಲ ಎದ್ದರು ಅಕ್ಕ. ಫೋನ್ ಚಾರ್ಜಿಗೆ ಹಾಕೋಕೆ."