ಹಳೆಯ ಟರ್ಬೊ ಕಾರಿನ ಟೆಸ್ಟ್ ಡ್ರೈವ್ ಹೈವೇಯಲ್ಲೇ ಮುಗಿಸಬೇಡಿ

ಬದಿಯಡ್ಕ ಕಡೆಯ ಒಬ್ಬರು ಬೆಂಗಳೂರಿನಿಂದ ತಂದ ಕಾರಿನ ಪಾಡು ಇದು. ಕಾಸರಗೋಡು, ಮಂಜೇಶ್ವರ, ಕುಂಬಳೆ ಸುತ್ತ ಇಂಥದ್ದೇ ಕಾರು ಹುಡುಕುವವರು ಈಗ ಬಹಳ ಮಂದಿ ಇದ್ದಾರೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ.

ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಡ್ರೈ ಡ್ಯುಯಲ್ ಕ್ಲಚ್ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಊರಿನ ದರಕ್ಕಿಂತ ಕಡಿಮೆ ಬೆಲೆ. ರಸ್ತೆ ಆರಿಸಿದ್ದು ಮಾರುವವನೇ: ರಾತ್ರಿ ಹೊತ್ತು, ಖಾಲಿ ಫ್ಲೈಓವರ್, ಹತ್ತು ನಿಮಿಷದ ಓಟ. ಪಿಕಪ್ ನೋಡಿಯೇ ವ್ಯಾಪಾರ ಮುಗಿಯಿತು. ಊರಿಗೆ ಬಂದ ಮೇಲೆ ಮನೆಯ ಮುರಕಲ್ಲಿನ ಏರುದಾರಿಯಲ್ಲಿ ಕಾರು ಗಡಗಡ ನಡುಗತೊಡಗಿತು. ಮಳೆಗಾಲ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ರಿವರ್ಸ್ ಬೀಳಲಿಲ್ಲ, ಡ್ಯಾಶಿನಲ್ಲಿ ಗೇರಿನ ಅಕ್ಷರ ಮಿನುಗುತ್ತಿತ್ತು, ಮುಂದಕ್ಕೆ ಹೋಗಲು ಒಂದು ಮತ್ತು ಮೂರನೇ ಗೇರ್ ಮಾತ್ರ. ಮಂಗಳೂರಿಗೆ ಟೋ ಮಾಡಿಸಿ ಬಿಚ್ಚಿಸಿದಾಗ ಗೊತ್ತಾದದ್ದು: ಗೇರು, ಕ್ಲಚ್ ಆಡಿಸುವ ಮೆಕಾಟ್ರಾನಿಕ್ ಯೂನಿಟ್ ಹೋಗಿದೆ, ಇಂಜಿನ್ನಿನ ಸಾಫ್ಟ್‌ವೇರ್ ಯಾರೋ ತಿದ್ದಿದ್ದಾರೆ, ಕಾರು ಕೈಬದಲಾಗುವ ಮುಂಚೆಯೇ ಇದೇ ತಕರಾರಿಗೆ ಒಮ್ಮೆ ಸರ್ವಿಸ್ ಸೆಂಟರಿಗೆ ಹೋಗಿತ್ತು. ಬಿಲ್ ಒಂದೂವರೆ ಲಕ್ಷ ದಾಟಿತು. ಚಾಸಿಸ್ ನಂಬರ್ ಕೊಟ್ಟು ಹಳೆಯ ಸರ್ವಿಸ್ ದಾಖಲೆ ಕೇಳಿದ್ದರೆ ಈ ಸಂಗತಿ ದುಡ್ಡು ಕೊಡುವ ಮೊದಲೇ ತಿಳಿಯುತ್ತಿತ್ತು.

ಹೀಗೇಕೆ ಆಗುತ್ತದೆ? ಈ ಗೇರ್‌ಬಾಕ್ಸಿನಲ್ಲಿ ಎರಡು ಕ್ಲಚ್ ಇರುತ್ತವೆ. ಒಂದರ ಪಾಲಿಗೆ 1, 3, 5, 7. ಇನ್ನೊಂದರ ಪಾಲಿಗೆ 2, 4, 6 ಮತ್ತು ರಿವರ್ಸ್. ಒಂದು ಬದಿ ಕೈಕೊಟ್ಟರೆ ಅರ್ಧ ಗೇರುಗಳು ಒಟ್ಟಿಗೇ ಮಾಯ. ಇವನ್ನು ಆಡಿಸುವ ಪಂಪ್, ವಾಲ್ವ್, ಒತ್ತಡ ಹಿಡಿದಿಡುವ ಅಕ್ಯುಮುಲೇಟರ್, ಎಲೆಕ್ಟ್ರಾನಿಕ್ಸ್ ಎಲ್ಲವೂ ಮೆಕಾಟ್ರಾನಿಕ್ ಎಂಬ ಒಂದೇ ಗಂಟಿನಲ್ಲಿವೆ. ಅಕ್ಯುಮುಲೇಟರ್ ಕೂರುವ ಜಾಗದಲ್ಲಿ ಸೀಳು ಬಿಟ್ಟರೆ ಒತ್ತಡ ಸೋರುತ್ತದೆ, ಪಂಪ್ ಬಿಡುವಿಲ್ಲದೆ ಓಡುತ್ತದೆ, ಕೊನೆಗೆ ಕೈಚೆಲ್ಲುತ್ತದೆ. ಡ್ರೈ ಕ್ಲಚ್‌ಗೆ ಎಣ್ಣೆಯ ತಂಪೂ ಇಲ್ಲ. ಹೈವೇಯಲ್ಲಿ ಕ್ಲಚ್ ಪೂರ್ತಿ ಕಚ್ಚಿಕೊಂಡಿರುವುದರಿಂದ ಅದಕ್ಕೆ ಕಷ್ಟವೇ ಇಲ್ಲ. ಸವೆತವೂ ಬಿಸಿಯೂ ಹುಟ್ಟುವುದು ತೆವಳುವಾಗ, ಏರಿನಲ್ಲಿ, ಟ್ರಾಫಿಕ್ ಬ್ಲಾಕಿನಲ್ಲಿ. ಮಾರುವವನು ಖಾಲಿ ರಸ್ತೆಗೆ ಕರೆದುಕೊಂಡು ಹೋಗುವ ಗುಟ್ಟು ಇಷ್ಟೇ.

ಹಾಗಾಗಿ ರಸ್ತೆ ನೀವೇ ಆರಿಸಿ. ಬೆಳಿಗ್ಗೆ ಹೋಗಿ, ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಎಂದು ಹೇಳಿರಿ; ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಡ್ರೈವರ್ ಬಾಗಿಲು ತೆರೆದಾಗ ಪಂಪಿನ ಸಣ್ಣ ಗುಂಯ್‌ ಸದ್ದು ಒಮ್ಮೆ ಬಂದು ನಿಂತರೆ ಸರಿ. ನಿಂತಲ್ಲೇ ಕೆಲವು ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಬರುತ್ತಿದ್ದರೆ ಒತ್ತಡ ಸೋರುತ್ತಿದೆ ಎಂದು ಅನುಮಾನಿಸಬೇಕು. ಆಮೇಲೆ ಕನಿಷ್ಠ ಅರ್ಧ ಗಂಟೆ ಪೇಟೆಯಲ್ಲಿ ಓಡಿಸಿ, ಗೇರ್‌ಬಾಕ್ಸ್ ಬಿಸಿಯಾಗಲಿ. ನಮ್ಮ ಕಡೆಯ ಕಾರಾದರೆ ಚೆರ್ಕಳದಿಂದ ಬೋವಿಕ್ಕಾನ, ಮುಳ್ಳೇರಿಯ ಕಡೆಗೆ ಹೋಗಿ ಯಾವುದಾದರೂ ಒಳರಸ್ತೆಯ ಏರು ಹಿಡಿಯಿರಿ. ಬೆಂಗಳೂರಿನ ಕಾರಾದರೆ ಬೇಸ್‌ಮೆಂಟ್ ಪಾರ್ಕಿಂಗಿನ ರ‍್ಯಾಂಪೇ ಸಾಕು. ಅರ್ಧ ಏರಿನಲ್ಲಿ ನಿಲ್ಲಿಸಿ, ಬ್ರೇಕ್ ಬಿಟ್ಟು, ಆಕ್ಸಿಲರೇಟರ್ ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು ಮೆಲ್ಲಗೆ ಒತ್ತಿ. ನಡುಗದೆ ಏರಬೇಕು. ಅದೇ ಏರನ್ನು ರಿವರ್ಸಿನಲ್ಲೂ ಹತ್ತಿಸಿ. ಹಂಪಿನ ಮೇಲೆ ಎರಡನೇ ಗೇರಿನಲ್ಲಿ ದಾಟುವಾಗ ಕೆಳಗಿನಿಂದ ಲೋಹದ ಕಟಕಟ ಬಂದರೆ ಬೆಲೆ ಮಾತಾಡುವ ಮೊದಲು ವರ್ಕ್‌ಶಾಪಿಗೆ ಒಯ್ಯಿರಿ. ಕ್ಲಚ್ ಅಡಾಪ್ಟೇಶನ್, ಅಂದರೆ ಕ್ಲಚ್ ಎಲ್ಲಿ ಕಚ್ಚುತ್ತದೆ ಎಂದು ಕಂಪ್ಯೂಟರ್ ಇಟ್ಟುಕೊಂಡ ಲೆಕ್ಕ, ರೀಸೆಟ್ ಮಾಡಿಸಿದರೆ ನಡುಕ ಕೆಲವು ದಿನ ಅಡಗಿರುತ್ತದೆ. ಅದಕ್ಕೇ ಸ್ಕ್ಯಾನರ್ ಬೇಕು.

ಕಾರಿನ ಕಂಪ್ಯೂಟರಿನಿಂದ ಎರರ್ ಕೋಡ್ ಓದುವ ಬ್ಲೂಟೂತ್ ಓಬಿಡಿ ಅಡಾಪ್ಟರ್ ಕಡಿಮೆ ದುಡ್ಡಿಗೆ ಸಿಗುತ್ತದೆ, ಫೋನಿನಲ್ಲಿ ಆ್ಯಪ್ ಇದ್ದರಾಯಿತು. ಎರರ್ ಕೋಡ್ ಇಲ್ಲ ಎಂದು ತೋರಿಸಿದ ಕೂಡಲೇ ಸಮಾಧಾನ ಪಡಬೇಡಿ. ನೋಡಬೇಕಾದ್ದು ಇನ್ನೆರಡು: ಕೋಡ್ ಅಳಿಸಿದ ಮೇಲೆ ಓಡಿದ ದೂರ, ಮತ್ತು ರೆಡಿನೆಸ್ ಮಾನಿಟರ್, ಅಂದರೆ ಅಳಿಸಿದ ಮೇಲೆ ಕಾರು ತನ್ನ ಸ್ವಯಂ ಪರೀಕ್ಷೆಗಳನ್ನು ಮುಗಿಸಿದೆಯೇ ಎಂಬುದು. ಮೀಟರಿನಲ್ಲಿ 70,000 ಕಿ.ಮೀ. ಇದ್ದು ಕೋಡ್ ಅಳಿಸಿ 40 ಕಿ.ಮೀ. ಆಗಿದ್ದರೆ ನಿಮಗೆ ತೋರಿಸಲೆಂದೇ ಒರೆಸಿರಬಹುದು. ಈ ಅಗ್ಗದ ಅಡಾಪ್ಟರ್ ಹೆಚ್ಚಾಗಿ ಇಂಜಿನ್ನಿನ ಕೋಡ್ ಮಾತ್ರ ಓದುತ್ತದೆ. ಗೇರ್‌ಬಾಕ್ಸಿನದಕ್ಕೆ ಆ ಕಂಪನಿಯ ಕಾರು ಬಲ್ಲ ವರ್ಕ್‌ಶಾಪಿನ ಸ್ಕ್ಯಾನರೇ ಆಗಬೇಕು.

ಇನ್ನು ಯಾವ ಕಾರು ಎಂಬ ಪ್ರಶ್ನೆ. ಪೋಲೋ ಜಿಟಿ ಟಿಎಸ್‌ಐ 2013ರಲ್ಲಿ ಬಂದದ್ದು 1.2 ಲೀಟರ್ ಇಂಜಿನ್, 105 ಪಿಎಸ್ ಶಕ್ತಿ, 175 ಎನ್‌ಎಂ ಎಳೆತ (ಟಾರ್ಕ್) ಮತ್ತು ಏಳು ಗೇರಿನ ಡಿಎಸ್‌ಜಿ (ಮೇಲೆ ಹೇಳಿದಂಥದ್ದೇ ಡ್ರೈ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್) ಜತೆ. ಕೆಳಗಿನ ಆರ್‌ಪಿಎಂನಿಂದಲೇ ಎಳೆಯುತ್ತದೆ, ಗೇರ್ ಬದಲಾದದ್ದೇ ಗೊತ್ತಾಗುವುದಿಲ್ಲ, ಬಾಡಿ ಗಟ್ಟಿ. ಆ ಡಿಎಸ್‌ಜಿ ತಾಳುವ ಮಿತಿ 250 ಎನ್‌ಎಂ. ರೀಮ್ಯಾಪ್ ಮಾಡಿಸಿದವರು, ಅಂದರೆ ಇಂಜಿನ್ ಸಾಫ್ಟ್‌ವೇರ್ ತಿದ್ದಿಸಿ ಬಲ ಹೆಚ್ಚಿಸಿಕೊಂಡವರು, ಆ ಅಂಚಿಗೆ ಹತ್ತಿರ ಹೋಗಿರುತ್ತಾರೆ. ಅದೇ ಬಾಡಿಯಲ್ಲಿ 2020ರಲ್ಲಿ ಬಂದ 1.0 ಟಿಎಸ್‌ಐ 110 ಪಿಎಸ್‌ನದು, ಆಟೊಮ್ಯಾಟಿಕ್ ಬೇಕೆಂದರೆ ಆರು ಗೇರಿನ ಟಾರ್ಕ್ ಕನ್ವರ್ಟರ್ (ಡ್ರೈ ಕ್ಲಚ್ ಬದಲು ಎಣ್ಣೆಯ ಮೂಲಕ ಬಲ ಸಾಗಿಸುವ ಬಗೆ). ನಮ್ಮ ಏರುತಗ್ಗಿಗೆ ಎರಡರಲ್ಲಿ ಇದೇ ವಾಸಿ, ಮೂರು ಸಿಲಿಂಡರಿನ ಸಣ್ಣ ಅದುರು ಸಹಿಸಿಕೊಂಡರೆ ಆಯಿತು.

ಫಿಯೆಟ್‌ನ ಅಬಾರ್ತ್ ಪುಂಟೊ ಬೇರೆಯೇ ಜಾತಿ. 2015ರಲ್ಲಿ ಬಂದದ್ದು, 1.4 ಟಿ-ಜೆಟ್, 145 ಪಿಎಸ್, 212 ಎನ್‌ಎಂ. ಕೆಳಗೆ ಮಲಗಿದ್ದು ಟರ್ಬೊ ಎದ್ದ ಕೂಡಲೇ ಬೆನ್ನು ಸೀಟಿಗೆ ಅಂಟುತ್ತದೆ. ಹೈಡ್ರಾಲಿಕ್ ಸ್ಟೀರಿಂಗ್ ಭಾರ, ಆದರೆ ಟಯರ್ ಎಲ್ಲಿ ಹಿಡಿದಿದೆ, ಎಲ್ಲಿ ಜಾರುತ್ತಿದೆ ಎಂದು ಕೈಗೆ ತಿಳಿಯುತ್ತದೆ. ಪಾಣತ್ತೂರಿನಿಂದ ಕರಿಕೆ ದಾಟಿ ಭಾಗಮಂಡಲಕ್ಕೆ ಏರುವ ತಿರುವುಗಳಲ್ಲಿ ಈ ಪಟ್ಟಿಯಲ್ಲಿ ಅತ್ಯಂತ ಖುಷಿ ಕೊಡುವುದು ಇದೇ. ಆದರೆ ಗ್ರೌಂಡ್ ಕ್ಲಿಯರೆನ್ಸ್ 155 ಮಿ.ಮೀ., ನಾಲ್ಕು ಜನ ಕೂತರೆ ಪಂಚಾಯತ್ ರಸ್ತೆಯ ಹಂಪಿಗೆ ಹೊಟ್ಟೆ ಉಜ್ಜುತ್ತದೆ. ಫಿಯೆಟ್ ನಮ್ಮ ದೇಶದಲ್ಲಿ ಕಾರು ಮಾರುವುದು ನಿಲ್ಲಿಸಿ ವರ್ಷಗಳಾದವು. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಯೇ ಇಲ್ಲ ಎಂದು ಲೆಕ್ಕ ಹಾಕಿ. ಓಡುವಾಗ ತುಂಡಾದರೆ ಇಂಜಿನ್ನೇ ಬಿಚ್ಚಬೇಕಾದೀತು. ಐದು ನಿಮಿಷ ಐಡಲಿನಲ್ಲಿ ಬಿಟ್ಟು ರೇಸ್ ಕೊಟ್ಟಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಟರ್ಬೊ ಎಣ್ಣೆ ಕುಡಿಯುತ್ತಿರಬಹುದು.

ಬಲೆನೊ ಆರ್‌ಎಸ್ 102 ಪಿಎಸ್, 150 ಎನ್‌ಎಂ; ಹಗುರವಾದ ಕಾರು, ಮ್ಯಾನ್ಯುವಲ್ ಮಾತ್ರ. ಓಟದಲ್ಲಿ ಚುರುಕು, ಸ್ಟೀರಿಂಗಿನಲ್ಲಿ ಜೀವ ಕಡಿಮೆ. ದಿನಬಳಕೆಗೆ ತಲೆನೋವು ಕಡಿಮೆ ಇರುವುದು ಇದರಲ್ಲೇ ಎಂದು ನಮ್ಮ ಅಭಿಪ್ರಾಯ. 2021ರ ಐ20 ಎನ್ ಲೈನ್ 120 ಪಿಎಸ್‌ನದು, ಅದರ ಡಿಸಿಟಿಯೂ (ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್) ಡ್ರೈ ಕ್ಲಚ್‌ನದೇ, ಆದ್ದರಿಂದ ಮೇಲಿನ ರ‍್ಯಾಂಪ್ ಪರೀಕ್ಷೆ ಅದಕ್ಕೂ ತಪ್ಪಿದ್ದಲ್ಲ. ಫೋರ್ಡ್ ಫಿಯೆಸ್ಟಾ 1.6 ಎಸ್‌ಗೆ ಟರ್ಬೊ ಇಲ್ಲ, 101 ಪಿಎಸ್, ಸ್ಟೀರಿಂಗ್ ಇಂದಿಗೂ ಸೊಗಸು. ಆದರೆ 15 ವರ್ಷ ತುಂಬಿದ್ದರೆ ಫಿಟ್‌ನೆಸ್ ಆಗಿ ಆರ್‌ಸಿ ನವೀಕರಣವಾಗಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿದೆ.

ಕರಾವಳಿಯಲ್ಲೇ ಓಡಿದ ಕಾರಾದರೆ ಲಿಫ್ಟಿಗೆ ಏರಿಸಿ ಅಡಿಭಾಗದ ತುಕ್ಕು ನೋಡಿ: ಬ್ರೇಕ್ ಪೈಪ್, ಸಬ್‌ಫ್ರೇಮ್, ಸೈಲೆನ್ಸರ್ ಹ್ಯಾಂಗರ್. 2018, 2019ರ ನೆರೆಯಲ್ಲಿ ಮುಳುಗಿದ ಕಾರುಗಳೂ ತೊಳೆದು ಒರೆಸಿಕೊಂಡು ಮಾರುಕಟ್ಟೆ ಸೇರಿವೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಕೆಸರಿನ ಗೆರೆ ಕಾಣುತ್ತದೆ, ಕಾರ್ಪೆಟ್ ಎತ್ತಿದರೆ ಸೀಟಿನ ಬೋಲ್ಟ್ ತುಕ್ಕು ಹಿಡಿದಿರುತ್ತದೆ.

ದೊಡ್ಡ ಸದ್ದಿನ ಎಕ್ಸಾಸ್ಟ್ ಫ್ರೀ ಎಂದು ಹಿಗ್ಗಬೇಡಿ. ಆರ್‌ಸಿಯಲ್ಲಿ ಇಲ್ಲದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತಡೆಯಿದೆ, ದಂಡ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ. ಕೇರಳದ ಎಂವಿಡಿ (ಮೋಟಾರು ವಾಹನ ಇಲಾಖೆ) ಈ ವಿಷಯದಲ್ಲಿ ಕಣ್ಣು ಮುಚ್ಚುವುದಿಲ್ಲ. ಮೂಲ ಸೈಲೆನ್ಸರ್ ಕೊಡದಿದ್ದರೆ ಅದರ ಬೆಲೆ ಕಳೆಯಿರಿ.

ಗಡಿಯ ಈಚೆ ಇನ್ನೊಂದು ಬಲೆ. ಮಂಗಳೂರಿನ ಕೆಎ 19 ಬೋರ್ಡಿನಲ್ಲೇ ಓಡಿಸಿ, ತಲಪಾಡಿ ದಾಟಿದರೆ ಮುಗಿಯಿತಲ್ಲ ಎನ್ನುವ ಬ್ರೋಕರುಗಳಿದ್ದಾರೆ. ಕಾನೂನಿನ ಪ್ರಕಾರ ಖರೀದಿದಾರ 30 ದಿನದೊಳಗೆ ಹೆಸರು ಬದಲಾವಣೆಗೆ ತಿಳಿಸಬೇಕು, 12 ತಿಂಗಳಿಗಿಂತ ಹೆಚ್ಚು ಇಲ್ಲಿ ಉಳಿಯುವ ಕಾರಿಗೆ ಕೇರಳದ ನಂಬರೇ ಆಗಬೇಕು. ಇಲ್ಲಿನ ತೆರಿಗೆ ನೀವು ಕೊಟ್ಟ ಬೆಲೆಯ ಮೇಲಲ್ಲ; ಕಾರು ಹೊಸದಿದ್ದಾಗಿನ ಬೆಲೆ ಹಿಡಿದು, ವಯಸ್ಸಿಗೆ ತಕ್ಕಂತೆ ಕಳೆದು ಹಾಕುತ್ತಾರೆ. ಬೆಂಗಳೂರಿನಲ್ಲಿ ಉಳಿಯಿತು ಎಂದುಕೊಂಡ ದುಡ್ಡು ಕಾಸರಗೋಡಿನ ಕೆಎಲ್ 14 ನಂಬರ್ ಬರುವ ಹೊತ್ತಿಗೆ ಕರಗುವುದು ಇಲ್ಲೇ. ಫಾರ್ಮ್ 28ರ ಎನ್‌ಒಸಿ (ಮೂಲ ಆರ್‌ಟಿಒದ ನಿರಾಕ್ಷೇಪಣಾ ಪತ್ರ), ಹೆಸರು ವರ್ಗಾವಣೆಯ 29, 30, ಸಾಲ ಇದ್ದರೆ ಅದು ತೀರಿತೆಂದು ಬ್ಯಾಂಕಿನ ಸಹಿ ಬಿದ್ದ 35 ಕೈಗೆ ಬರಲಿ. ವಿಮೆಯ ವರ್ಗಾವಣೆಗೆ 14 ದಿನದೊಳಗೆ ಅರ್ಜಿ ಹಾಕಿ. ಎನ್‌ಒಸಿ ಸಿಗುವವರೆಗೆ ಬೆಲೆಯ ಒಂದು ಪಾಲನ್ನು ತಡೆದಿಡಿ, ಎಷ್ಟು ಎಂಬುದನ್ನು ಅಡ್ವಾನ್ಸ್ ಕೊಡುವ ದಿನವೇ ಕಾಗದದಲ್ಲಿ ಬರೆಸಿಕೊಳ್ಳಿ.