ಆರು ಶನಿವಾರ, ಒಂದು ಅಡಿಕೆ ಹಾಳೆ ಡಬ್ಬಿ: ನಾನು ಸೇರಿದ ಡಿಸೈನ್ ಕೋರ್ಸ್ ಹೇಗಿತ್ತು

ಮಂಗಳೂರಿನ ಒಂದು ಖಾಸಗಿ ಸಂಸ್ಥೆಯ ಆರು ಶನಿವಾರದ ಕೋರ್ಸ್ ಮೊನ್ನೆ ಮುಗಿಸಿದೆ. ದಿನಬಳಕೆಯ ಒಂದು ವಸ್ತುವನ್ನು ಪರಿಸರಕ್ಕೆ ಹೊರೆಯಾಗದ ಹಾಗೆ ಡಿಸೈನ್ ಮಾಡುವುದು, ಅದೂ ಬೇರೆ ಬೇರೆ ಓದಿನವರು ಒಂದೇ ಮೇಜಿನಲ್ಲಿ ಕೂತು. ಫೀಸು 8,000. ಸೇರಬಹುದಾ ಅಂತ ಇಬ್ಬರು ಮೂವರು ಕೇಳಿದರು, ಅದಕ್ಕೆ ಈ ಬರಹ. ಹೆಸರು ಹಾಕುವುದಿಲ್ಲ, ಬೈಯುವುದೂ ಇದೆ.

ಬೈಯುವುದನ್ನು ಮೊದಲು ಮುಗಿಸುತ್ತೇನೆ. ಮೊದಲ ಎರಡು ಶನಿವಾರ ಬರೀ ಸ್ಲೈಡು. ಗೋಡೆ ತುಂಬಾ ಬಣ್ಣದ ಚೀಟಿ ಅಂಟಿಸುವುದು, ಕಿತ್ತು ಇನ್ನೊಂದು ಕಡೆ ಅಂಟಿಸುವುದು. ಚಹಾ ಬಂದದ್ದು ಒಳಗೆ ಪ್ಲಾಸ್ಟಿಕ್ ಪದರ ಇರುವ ಪೇಪರ್ ಕಪ್ಪಿನಲ್ಲಿ. ಅದರ ಬಗ್ಗೆ ಮಾತ್ರ ಸ್ಲೈಡ್ ಇರಲಿಲ್ಲ!

ಮೂರನೇ ವಾರ ತಂಡ ಮಾಡಿದರು. ನಾನು ಮೆಕ್ಯಾನಿಕಲ್ ಡಿಪ್ಲೊಮಾ. ಜೊತೆಗೆ ಚಿತ್ರಕಲೆ ಓದಿದ ಹುಡುಗಿ, ಬಿಕಾಂ ಮುಗಿಸಿ ಅಪ್ಪನ ಅಂಗಡಿ ನೋಡಿಕೊಳ್ಳುವ ಹುಡುಗ, ಫುಡ್ ಸೈನ್ಸ್ ಪಾಠ ಮಾಡುವ ಒಬ್ಬರು ಮೇಡಂ. ನಮಗೆ ಸಿಕ್ಕಿದ್ದು ಅಡಿಕೆ ಹಾಳೆಯ, ಅಂದರೆ ಅಡಿಕೆ ಗರಿಯ ಬುಡದ ಅಗಲ ಪೊರೆಯ, ಪಾರ್ಸೆಲ್ ಡಬ್ಬಿ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಚಮಚ, ಸ್ಟ್ರಾಗಳಿಗೆ ದೇಶದಲ್ಲಿ ನಿಷೇಧ ಇದೆ. ಪಾರ್ಸೆಲ್ ಸಾಂಬಾರಿನ ಪ್ಲಾಸ್ಟಿಕ್ ಡಬ್ಬಿ ಮಾತ್ರ ಹಾಗೇ ಓಡಾಡುತ್ತಿದೆ, ಅದರ ಬದಲಿಗೆ ನಮ್ಮದು.

ನನಗೆ ಸುಲಭ ಅನಿಸಿತ್ತು. ಆಳದ ಡೈ (ಅಚ್ಚು) ಮಾಡಿ ಒತ್ತಿದರೆ ಆಯಿತು, ಅಲ್ವಾ? ಪುತ್ತೂರು ಕಡೆಯ ಒಂದು ಹಾಳೆತಟ್ಟೆ ಘಟಕಕ್ಕೆ ಹೋದೆವು. ಹಾಳೆಯನ್ನು ನೀರಲ್ಲಿ ನೆನೆಸಿ, ತಿಕ್ಕಿ ತೊಳೆದು, ಬಿಸಿ ಡೈ ನಡುವೆ ಒತ್ತಿ ಅಂಚು ಕತ್ತರಿಸುತ್ತಾರೆ, ಅಂಟು ಬಣ್ಣ ಏನೂ ಬೇಡ. ನನ್ನ ಡೈಗೆ ಹಾಕಿದರೆ ಮೂಲೆ ಸೀಳಿತು. ಇನ್ನೊಂದು ಹಾಕಿದೆವು, ಅದೂ ಸೀಳಿತು. ಹಾಳೆ ಅಂದರೆ ತಗಡಲ್ಲ, ನಾರೆಲ್ಲ ಒಂದೇ ದಿಕ್ಕಿಗೆ, ಎಳೆದರೆ ಹಿಗ್ಗುವುದಿಲ್ಲ. ಆಗ ಚಿತ್ರಕಲೆಯ ಹುಡುಗಿ, "ಮುಟ್ಟಾಳೆ, ಹಾಳೆಯ ಟೋಪಿ, ನೋಡಿದ್ದೀರಲ್ಲ ಅಣ್ಣ, ಅದರಲ್ಲಿ ಹಾಳೆಯನ್ನು ಎಳೆಯುವುದಿಲ್ಲ, ಮಡಚುತ್ತಾರೆ" ಅಂದಳು. ತೋಟದಲ್ಲಿ ಅಜ್ಜನ ತಲೆ ಮೇಲೆ ದಿನಾ ನೋಡಿದ್ದು, ನನ್ನ ತಲೆಗೇ ಹೊಳೆದಿರಲಿಲ್ಲ. ಮೂಲೆ ಮಡಚಿ ಒತ್ತಿದೆವು. ನಿಂತಿತು.

ಸ್ಲೈಡಿನಲ್ಲಿ ಹಾಳೆಗೆ "ತ್ಯಾಜ್ಯ" ಅಂತ ಹೆಸರಿತ್ತು. ಘಟಕದಲ್ಲಿ ಕೆಲಸ ಮಾಡುವ ಅಕ್ಕ ಕೇಳಿದ್ದು, "ಹಾಳೆ ಎಲ್ಲ ನೀವೇ ತಗೊಂಡು ಹೋದ್ರೆ ದನಕ್ಕೆ ಎಂತ ಹಾಕುವುದು ಮಾರಾಯ್ರೆ?" ಅಂಗಡಿ ಹುಡುಗ ಅಲ್ಲೇ ಲೆಕ್ಕ ಶುರು ಮಾಡಿದ. ಮಳೆಗಾಲದಲ್ಲಿ ಬಿದ್ದ ಹಾಳೆ ಒಣಗದೆ ಬೂಷ್ಟು ಹಿಡಿಯುತ್ತದೆ, ಹಾಗಾಗಿ ವರ್ಷಕ್ಕೆ ಬೇಕಾದ್ದನ್ನು ಬೇಸಿಗೆಯಲ್ಲೇ ಕೊಂಡು ಇಟ್ಟುಕೊಳ್ಳಬೇಕು, ಅಷ್ಟು ದುಡ್ಡು ಗೋಡೌನಿನಲ್ಲಿ ಮಲಗಿರುತ್ತದೆ.

ದೊಡ್ಡ ಪೆಟ್ಟು ಕೊಟ್ಟದ್ದು ಮೇಡಂ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಹೊಡೆಯುತ್ತೀರಲ್ಲ, ಹಾಳೆಗೆ ಬಿದ್ದದ್ದು ತೊಳೆದರೆ ಪೂರ್ತಿ ಹೋಗುತ್ತದಾ ಅಂತ ಕೇಳಿದರು. ಅದರ ಮೇಲೆ 2025ರ ಮೇ ತಿಂಗಳ ಸುದ್ದಿ ತೆಗೆದರು: ಅಡಿಕೆ ಹಾಳೆ ತಟ್ಟೆಯಿಂದ ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಹಾನಿಕಾರಕ ಅಂಶಗಳು ಊಟಕ್ಕೆ ಇಳಿಯಬಹುದು, ಆಹಾರಕ್ಕೆ ಬಳಸಲು ಇದಕ್ಕೆ ಅನುಮತಿ ಇಲ್ಲ ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿದೆ. ನಾನು ಅಡಿಕೆ ತೋಟದ ಮನೆಯವನು, ಸಿಟ್ಟೇ ಬಂತು. ನಾವೆಲ್ಲ ಇದರಲ್ಲೇ ಉಂಡಿದ್ದೇವೆ ಅಂದೆ. ತಟ್ಟೆಯಲ್ಲಿ ಹತ್ತು ನಿಮಿಷ ಉಣ್ಣುವುದೂ, ಬಿಸಿ ಸಾಂಬಾರು ತುಂಬಿ ಎರಡು ಗಂಟೆ ಮುಚ್ಚಿಡುವುದೂ ಒಂದೇನಾ ಅಂತ ಅವರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅರ್ಧ ದಿನ ಜಗಳ ಆಡಿ ಸಾಂಬಾರು ಬಿಟ್ಟೆವು. ಗೋಳಿಬಜೆಯಂಥ ತಿಂಡಿಗೆ, ಒಳಗೆ ಬಾಳೆ ಎಲೆ ಹಾಸಿದ ಸಣ್ಣ ಡಬ್ಬಿ ಅಂತ ತೀರ್ಮಾನ ಆಯಿತು. ಲ್ಯಾಬ್ ಟೆಸ್ಟ್ ಮಾಡಿಸೋಣ ಅಂದರೆ ಆ ಖರ್ಚು ಫೀಸಿನಲ್ಲಿ ಇಲ್ಲವಂತೆ. ಇದು ನನಗೆ ಇನ್ನೂ ಉರಿಯುತ್ತದೆ. ಬಣ್ಣದ ಚೀಟಿಗೆ ದುಡ್ಡಿತ್ತು.

ಪಕ್ಕದ ಮೇಜಿನಲ್ಲಿ ನಾಲ್ವರೂ ಸಾಫ್ಟ್‌ವೇರಿನವರು. ಒಬ್ಬರ ಮಾತು ಇನ್ನೊಬ್ಬರು ಕಡಿಯಲೇ ಇಲ್ಲ. ಕೊನೆಗೆ ಡಬ್ಬಿ ವಾಪಸ್ ಮಾಡಿಸುವ ಒಂದು ಆ್ಯಪ್ ತೋರಿಸಿದರು, ಡಬ್ಬಿ ಇರಲಿಲ್ಲ.

ಐದಕ್ಕೆ ಮೂರು ಕೊಡುತ್ತೇನೆ, ಆ ಮೂರೂ ನನ್ನ ತಂಡಕ್ಕೆ. ಸೇರುವವರು ಸಿಲೆಬಸ್ ಕೇಳಬೇಡಿ, ಈ ಬ್ಯಾಚಿಗೆ ಯಾರು ಯಾರು ಬರುತ್ತಿದ್ದಾರೆ ಅಂತ ಕೇಳಿ. ಟೆಸ್ಟ್ ಖರ್ಚು ಯಾರದ್ದು ಅಂತಲೂ ಮೊದಲೇ ಬರೆಸಿಕೊಳ್ಳಿ. ನಮ್ಮ ಡಬ್ಬಿಯಲ್ಲಿ ಸದ್ಯಕ್ಕೆ ಅಮ್ಮ ಬೆಳ್ಳುಳ್ಳಿ ಹಾಕಿಟ್ಟಿದ್ದಾರೆ.