ಏಳು ಬಣ್ಣದ ಮುಖವಾಡ ಅಟ್ಟ ಸೇರಿತು, ಎರಡು ಬೆಳಕಿನದು ಉಳಿಯಿತು

ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಮನೆಯ ಅಟ್ಟದ ಮೇಲೆ ಬಿಳಿ ಪ್ಲಾಸ್ಟಿಕ್ಕಿನ ಒಂದು ಎಲ್‌ಇಡಿ ಮುಖವಾಡ, ಅಂದರೆ ಸುಕ್ಕು ತಗ್ಗಲೆಂದು ಸಣ್ಣ ಬಲ್ಬುಗಳಿಂದ ಮುಖಕ್ಕೆ ಬೆಳಕು ಹಾಯಿಸುವ ಸಾಧನ, ತನ್ನ ಡಬ್ಬಿಯ ಸಮೇತ ಕುಳಿತಿದೆ. ಅದಕ್ಕೆ ನಾನು ಕೊಟ್ಟದ್ದು 3,400 ರೂಪಾಯಿ. ಅದಾದ ಮೇಲೆ 21,000 ರೂಪಾಯಿ ತೆತ್ತು ತರಿಸಿಕೊಂಡ ಮೆತ್ತನೆಯ ಸಿಲಿಕೋನ್ ಮುಖವಾಡವನ್ನು ಐದು ತಿಂಗಳಿಂದ ವಾರಕ್ಕೆ ನಾಲ್ಕು ರಾತ್ರಿ ಹಾಕಿಕೊಳ್ಳುತ್ತಿದ್ದೇನೆ. ನನ್ನ ಒಲವು ಯಾವುದರ ಕಡೆಗಿದೆ ಎಂಬುದನ್ನು ಇನ್ನು ಬಿಡಿಸಿ ಹೇಳಬೇಕಾಗಿಲ್ಲ. ಏಕೆ ಎಂಬುದನ್ನಷ್ಟೇ ಹೇಳುತ್ತೇನೆ.

ನನಗೀಗ ಐವತ್ನಾಲ್ಕು ವರ್ಷ. 2018ರಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸುಗಳು ಓಡಲಾರಂಭಿಸುವವರೆಗೆ ಹುಬ್ಬಳ್ಳಿಯ ಶಾಲೆಗೆ ನಿತ್ಯ ಸ್ಕೂಟರಿನಲ್ಲಿ ಹೋಗಿ ಬಂದವಳಾದ್ದರಿಂದ ಬಿಸಿಲಿನ ಲೆಕ್ಕವೆಲ್ಲ ಮುಖದ ಮೇಲೆಯೇ ಬರೆದಿದೆ: ಕಣ್ಣಂಚಿನಲ್ಲಿ ಸಣ್ಣ ಗೆರೆಗಳು, ಮೂಗಿನ ಬದಿಯಿಂದ ಬಾಯಂಚಿಗೆ ಇಳಿಯುವ ಎರಡು ಆಳವಾದ ಗೆರೆಗಳು, ಕೆನ್ನೆಯ ಮೇಲೆ ತೆಳುವಾದ ಬಂಗು.

ಮೊದಲಿನದನ್ನು ಕೊಳ್ಳಲು ಕಾರಣ ಅದರ ಏಳು ಬಣ್ಣಗಳು. ಒಂದೇ ಬೆಲೆಗೆ ಏಳು ಚಿಕಿತ್ಸೆ ಸಿಕ್ಕಿತೆಂದು ಹಿಗ್ಗಿದ್ದೆ. ಒಂದು ರಾತ್ರಿ ಭೂತಗನ್ನಡಿ ಹಿಡಿದು ಬಲ್ಬುಗಳನ್ನು ನೋಡಿದಾಗ ಪ್ರತಿಯೊಂದರಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರೇ ಚುಕ್ಕೆಗಳು ಕಂಡವು. ಮೂರನ್ನು ಬಿಡಿಬಿಡಿಯಾಗಿ ಹೊತ್ತಿಸಿದರೆ ಮೂರು ಬಣ್ಣ, ಎರಡೆರಡು ಕೂಡಿಸಿದರೆ ಹಳದಿ, ನೇರಳೆ, ಆಕಾಶನೀಲಿ ಎಂದು ಇನ್ನೂ ಮೂರು, ಎಲ್ಲವೂ ಉರಿದರೆ ಬಿಳಿ, ಹೀಗೆ ಏಳಾಗಿತ್ತು. ಮದುವೆ ಮನೆಯ ಸೀರಿಯಲ್ ಲೈಟೂ ಮಾಡುವುದು ಇದನ್ನೇ. ಸುಕ್ಕಿನ ವಿಷಯದಲ್ಲಿ ಹೆಚ್ಚು ಪರೀಕ್ಷೆಗೊಳಗಾಗಿರುವುದು 630 ನ್ಯಾನೋಮೀಟರ್ ಆಸುಪಾಸಿನ ಅಲೆಯುದ್ದದ ಕೆಂಪು ಮತ್ತು 830ರ ಆಸುಪಾಸಿನ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. 415ರ ಸುಮಾರಿನ ನೀಲಿ ಇರುವುದು ಮೊಡವೆಯ ಬ್ಯಾಕ್ಟೀರಿಯಾಗಳಿಗಾಗಿ. ಮೇಲಾಗಿ, ನಮ್ಮಂತಹ ಕಂದು ಮೈಬಣ್ಣದವರಲ್ಲಿ ನೀಲಿ ಬೆಳಕು ಕಪ್ಪುಕಲೆಯನ್ನು ಗಾಢಗೊಳಿಸಬಲ್ಲದು. ಬಂಗು ಇರುವ ನಾನು ಒಂದು ವಾರ ನೇರಳೆ ಬಣ್ಣವನ್ನೂ ಹಾಕಿಕೊಂಡಿದ್ದೆ ಎಂಬುದನ್ನು ನೆನೆದರೆ ಈಗಲೂ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಆ ಮುಖವಾಡದಲ್ಲಿ ಇನ್‌ಫ್ರಾರೆಡ್ ಎಂದು ಬರೆದ ಗುಂಡಿಯೊಂದಿತ್ತು. ಟಿವಿಯ ರಿಮೋಟನ್ನು ಮೊಬೈಲಿನ ಮುಂಗಡೆಯ ಕ್ಯಾಮೆರಾಕ್ಕೆ ತೋರಿಸಿ ಒತ್ತಿದರೆ, ಕಣ್ಣಿಗೆ ಕಾಣದ ಅದರ ಬೆಳಕು ಪರದೆಯ ಮೇಲೆ ನಸುನೇರಳೆಯಾಗಿ ಮಿನುಗುತ್ತದೆ. ಕೋಣೆಯ ದೀಪ ಆರಿಸಿ ಮುಖವಾಡವನ್ನೂ ಹಾಗೆಯೇ ನೋಡಿದೆ. ರಿಮೋಟು ಮಿನುಗಿತು, ಮುಖವಾಡದ ಗುಂಡಿ ಒತ್ತಿದಾಗ ಹೊತ್ತಿಕೊಂಡದ್ದು ಅದೇ ಹಳೆಯ ಕೆಂಪು. ಹಿಂತಿರುಗಿಸಲು ಹೋದರೆ, ಮುಖಕ್ಕೆ ತಾಗುವ ವಸ್ತುವಿನ ಡಬ್ಬಿ ಒಡೆದ ಮೇಲೆ ತೆಗೆದುಕೊಳ್ಳುವುದಿಲ್ಲವೆಂದು ಮಾರಿದವರು ತಿಳಿಸಿದರು.

ಇಷ್ಟಾದರೂ ಕೆಂಪು ಕೆಂಪೇ ಆದ್ದರಿಂದ ಅದನ್ನೇ ಬಳಸುತ್ತಿದ್ದೆನೇನೋ. ಬಳಸಲು ಬಿಡದೆ ಕಾಡಿದ್ದು ಅದರ ಅಚ್ಚು. ಯಾರದೋ ಎತ್ತರದ ಮೂಗಿಗೆ, ಉದ್ದನೆಯ ಮುಖಕ್ಕೆ ಎರಕ ಹೊಯ್ದ ಗಟ್ಟಿ ಪ್ಲಾಸ್ಟಿಕ್ ಅದು. ಇಡೀ ಭಾರ ನನ್ನ ಮೂಗಿನ ದಿಂಡಿನ ಮೇಲೆ, ಅದೂ ಚಾಳೀಸು ಒತ್ತಿ ಒತ್ತಿ ಕುಳಿ ಬಿದ್ದ ಜಾಗದಲ್ಲಿಯೇ, ಬಂದು ಕೂರುತ್ತಿತ್ತು. ಐದನೇ ನಿಮಿಷಕ್ಕೆ ಅಲ್ಲಿ ನೋವು ಶುರುವಾಗುತ್ತಿತ್ತು. ಕೆಳಗೆ ಗದ್ದದ ಬಳಿ ಎರಡು ಬೆರಳು ತೂರುವಷ್ಟು ಸಂದು ಇರುತ್ತಿತ್ತು. ಒಮ್ಮೆ ಕಣ್ಣು ತಗ್ಗಿಸಿ ನೋಡಿದರೆ, ಗದ್ದದ ಮೇಲೆ ಬೀಳಬೇಕಾದ ಕೆಂಪು ಬೆಳಕು ಮಡಿಲಲ್ಲಿದ್ದ ಇಳಕಲ್ ಸೀರೆಯ ಸೆರಗಿನ ಮೇಲೆ ಹರಡಿಕೊಂಡಿತ್ತು. ಸೆರಗಿಗೆ ಸುಕ್ಕಿದ್ದುದು ನಿಜ, ಆದರೆ ಅದಕ್ಕೆ ಇಸ್ತ್ರಿ ಸಾಕಿತ್ತು.

ಮೂಗಿನ ನೋವಿಗೆಂದು ಹತ್ತಿಯ ಮೆತ್ತೆ ಇಟ್ಟೆ. ಅದರಿಂದ ಮುಖವಾಡ ಮತ್ತಷ್ಟು ಮೇಲೆದ್ದು, ಬಾಯಂಚಿನ ಗೆರೆಗಳು ಬಲ್ಬುಗಳಿಂದ ಇನ್ನೂ ದೂರವಾದವು. ಚರ್ಮ ದೂರ ಸರಿದಷ್ಟೂ ಬೆಳಕು ಚದುರಿ ತೆಳುವಾಗುತ್ತದೆ. ಪಟ್ಟಿಯನ್ನು ಬಿಗಿದೆ, ತಲೆನೋವು ಬಂತು. ಮಲಗಿ ನೋಡೋಣವೆಂದರೆ ಹಿಂಬದಿಯ ಪ್ಲಾಸ್ಟಿಕ್ ಕೊಂಡಿ ತುರುಬಿಗೆ ಒತ್ತಿ, ಇಡೀ ಯಂತ್ರ ಹಣೆಯ ಕಡೆಗೆ ಜಾರುತ್ತಿತ್ತು, ಕಣ್ಣಿನ ರಂಧ್ರಗಳು ಹುಬ್ಬಿನ ಮೇಲೆ ಬಂದು, ಬಲ್ಬುಗಳು ನೇರವಾಗಿ ಕಣ್ಣೊಳಗೆ ಉರಿಯುತ್ತಿದ್ದವು. ಕೊನೆಗೆ ಎರಡೂ ಕೈಗಳಿಂದ ಅದನ್ನು ಮುಖಕ್ಕೆ ಒತ್ತಿ ಹಿಡಿದು ಕುಳಿತಿರುವಾಗ ನಮ್ಮ ಅತ್ತೆಯವರು ಬಾಗಿಲಲ್ಲಿ ನಿಂತು, "ಇದೇನವಾ, ದೊಡ್ಡಾಟದ ಸೋಗು ಹಾಕ್ಕೊಂಡು ಕುಂತೀಯಲ್ಲ!" ಎಂದರು. ಮರುದಿನವೇ ಅದು ಅಟ್ಟ ಸೇರಿತು.

ಸಿಲಿಕೋನಿನದರಲ್ಲಿ ಇರುವುದು ಕೆಂಪು, ಇನ್‌ಫ್ರಾರೆಡ್ ಎಂಬ ಎರಡೇ ಬೆಳಕು. ಅದು ಒದ್ದೆ ಬಟ್ಟೆಯಂತೆ ಮುಖಕ್ಕೆ ಅಂಟಿ ಕೂರುತ್ತದೆ, ಮಲಗಿಕೊಂಡೇ ಹಾಕಿಕೊಳ್ಳಬಹುದು, ಹಗುರ. ಕತ್ತಲೆಯ ಪರೀಕ್ಷೆಯಲ್ಲಿ ಅದರ ಇನ್‌ಫ್ರಾರೆಡ್ ಬಲ್ಬುಗಳು ಮೊಬೈಲಿನ ಪರದೆಯ ಮೇಲೆ ಸಾಲುಸಾಲಾಗಿ ಮಿನುಗಿದವು. ಬೆಳಕಿನ ಬಲವನ್ನು ಚದರ ಸೆಂಟಿಮೀಟರಿಗೆ 30 ಮಿಲಿವ್ಯಾಟ್ ಎಂದು ಕೈಪಿಡಿಯಲ್ಲಿ ಮುದ್ರಿಸಿದ್ದಾರೆ. ಹತ್ತು ನಿಮಿಷಕ್ಕೆ, ಅಂದರೆ 600 ಸೆಕೆಂಡಿಗೆ, ಅದು ಚದರ ಸೆಂಟಿಮೀಟರಿಗೆ 18 ಜೂಲ್ ಶಕ್ತಿ ಆಗುತ್ತದೆ. ಗಟ್ಟಿ ಮುಖವಾಡದ ಡಬ್ಬಿಯ ಮೇಲೆ ಬಲ್ಬುಗಳ ಎಣಿಕೆಯಿತ್ತೇ ಹೊರತು ಈ ಅಂಕಿ ಇರಲಿಲ್ಲ. ಔಷಧ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಅಮೆರಿಕದ ಸಂಸ್ಥೆಯಾದ ಎಫ್‌ಡಿಎ ಹೆಸರು ಮಾತ್ರ ದಪ್ಪಕ್ಷರಗಳಲ್ಲಿ ಇತ್ತು. ಅಲ್ಲಿ ಕಂಪನಿ ನೋಂದಣಿಯಾದ ಮಾತ್ರಕ್ಕೆ ಆ ಸಾಧನಕ್ಕೆ ಅನುಮತಿ ಸಿಕ್ಕಂತಾಗುವುದಿಲ್ಲ.

ಇದಕ್ಕೂ ಕೊರತೆಗಳಿವೆ. ವೆಲ್ಕ್ರೋ ಪಟ್ಟಿ ಪ್ರತಿ ಸಲ ನಾಲ್ಕು ಕೂದಲನ್ನಾದರೂ ಕಿತ್ತುಕೊಳ್ಳುತ್ತದೆ. ಏಪ್ರಿಲ್ ತಿಂಗಳಲ್ಲಿ ಒಳಗೆ ಬೆವರುತ್ತದೆ. ಕುತ್ತಿಗೆಗೆ ಬೇರೆಯೇ ತುಂಡು ಕೊಳ್ಳಬೇಕು, ನಾನು ಕೊಂಡಿಲ್ಲ.

ಕೈಯಲ್ಲಿ ಹಿಡಿದು ಮುಖದ ಮೇಲೆ ಆಡಿಸುವ ಸಾಧನವೊಂದನ್ನು ಸಹೋದ್ಯೋಗಿಯಿಂದ ಎರವಲು ತಂದು ಮೂರು ದಿನ ನೋಡಿದೆ. ಒಂದೊಂದು ಜಾಗಕ್ಕೆ ಮೂರು ನಿಮಿಷ ಹಿಡಿದು ಮುಗಿಸುವಷ್ಟು ತಾಳ್ಮೆ ನನಗಿಲ್ಲ. ಹುಬ್ಬಳ್ಳಿಯ ಚರ್ಮದ ಕ್ಲಿನಿಕ್ಕಿಗೆ ವಾರವಾರ ಹೋಗುವುದೂ ನನ್ನಿಂದಾಗದು. ಆಕಾಶವಾಣಿ ಕೇಳುತ್ತ ಮಲಗಿಕೊಳ್ಳುವ ಹತ್ತು ನಿಮಿಷಗಳು ಹೇಗೂ ನನ್ನ ದಿನಚರಿಯಲ್ಲಿದ್ದವು. ಮುಖವಾಡ ಆ ಸಮಯಕ್ಕೆ ಹೊಂದಿಕೊಂಡಿತು, ಹಾಗಾಗಿ ತಪ್ಪದೆ ನಡೆದಿದೆ.

ಫಲದ ವಿಷಯಕ್ಕೆ ಬಂದರೆ, ತಿಂಗಳಿಗೊಮ್ಮೆ ಒಂದೇ ಕಿಟಕಿಯ ಬಳಿ, ಒಂದೇ ಹೊತ್ತಿನಲ್ಲಿ ಫೋಟೋ ತೆಗೆದುಕೊಂಡಿದ್ದೇನೆ. ಕಣ್ಣಂಚಿನ ಸಣ್ಣ ಗೆರೆಗಳು ಸ್ವಲ್ಪ ಮೆತ್ತಗಾಗಿವೆ. ಬಾಯಂಚಿನ ಆಳದ ಗೆರೆಗಳು ಇದ್ದಲ್ಲಿಯೇ ಇವೆ. ಬಂಗಿನಲ್ಲಿ ಬದಲಾವಣೆಯಿಲ್ಲ. ಇದೇ ಅವಧಿಯಲ್ಲಿ ಸನ್‌ಸ್ಕ್ರೀನನ್ನೂ ತಪ್ಪದೆ ಹಚ್ಚತೊಡಗಿದ್ದರಿಂದ ಇಷ್ಟು ಸುಧಾರಣೆಯ ಶ್ರೇಯಸ್ಸೆಲ್ಲ ಬೆಳಕಿನದೇ ಎಂದು ಹೇಳಲಾರೆ. ಡಾಕ್ಸಿಸೈಕ್ಲಿನ್‌ನಂತಹ, ಚರ್ಮವನ್ನು ಬೆಳಕಿಗೆ ಸೂಕ್ಷ್ಮಗೊಳಿಸುವ ಮಾತ್ರೆ ನುಂಗುತ್ತಿರುವವರು ಮತ್ತು ಕಣ್ಣಿನ ಪರದೆಯ (ರೆಟಿನಾ) ತೊಂದರೆ ಇರುವವರು ವೈದ್ಯರನ್ನು ಕೇಳದೆ ಯಾವುದನ್ನೂ ಹಾಕಿಕೊಳ್ಳಬಾರದು.

ಬಜೆಟ್ ಐದು ಸಾವಿರದೊಳಗಿದ್ದರೆ ಆ ಹಣವನ್ನು ಸನ್‌ಸ್ಕ್ರೀನಿಗೂ ಚರ್ಮವೈದ್ಯರ ಒಂದು ಭೇಟಿಗೂ ಹಾಕುವುದೇ ಲೇಸೆಂದು ಗದಗಿನ ತಂಗಿಗೆ ಹೇಳಿದ್ದೇನೆ. ಅವಳು ಕೇಳುವ ಪೈಕಿ ಅಲ್ಲ. ಬೇಸಿಗೆ ರಜೆಗೆ ಬಂದಾಗ ನನ್ನ ಸಿಲಿಕೋನಿನದನ್ನು ಹದಿನೈದು ದಿನ ಹಾಕಿಕೊಂಡು, ಬೆವರನ್ನೂ ವೆಲ್ಕ್ರೋವನ್ನೂ ತಾಳಬಲ್ಲಳೇ ಎಂದು ನೋಡಿಯೇ ದುಡ್ಡು ಬಿಚ್ಚು ಎಂದಿದ್ದೇನೆ. ಅಟ್ಟದ ಮೇಲಿನದನ್ನು ಪುಕ್ಕಟೆಯಾಗಿ ಕೇಳಿದಳು. ಕೊಡಲು ಮನಸ್ಸು ಬರಲಿಲ್ಲ.